ಪೌಡರ್ ಬ್ರಷ್ಷಿನ ಗೀರು

ಆ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವನು ಮಗ, ಗಿರಾಕಿಗಳ ಜೊತೆ ಮಾತಾಡುವವರು ಅಪ್ಪ, ಗಿರಾಕಿಗಳ ಮುಖಕ್ಕೆ ಬಣ್ಣ ಹಚ್ಚುವವಳು ಮಗಳು. ಮಿಕ್ಕಿದ್ದೆಲ್ಲ ಅಳಿಯ.

ಮಿಕ್ಕಿದ್ದು ಎಂದರೆ ಮುಖ್ಯವಾಗಿ ಧೂಳು. ಕ್ಯಾಮೆರಾದ ಹೊಟ್ಟೆಯೊಳಗೆ ಗಾಜು ಹೊದ್ದ ಒಂದು ಪುಟ್ಟ ಬಿಲ್ಲೆ ಇರುತ್ತದೆ, ಅದೇ ಸೆನ್ಸರ್. ಅದರ ಮೇಲೆ ಒಂದು ಕಣ ಕೂತಿತೋ, ಅಲ್ಲಿಂದ ಮುಂದೆ ತೆಗೆದ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಬೂದು ಚುಕ್ಕೆ. ಮಾವನ ಫಿಲ್ಮ್ ಕಾಲದಲ್ಲಿ ಕಸ ಬಿದ್ದರೆ ಒಂದು ಚಿತ್ರ ಕೆಡುತ್ತಿತ್ತು. ಫಿಲ್ಮು ಮುಂದಕ್ಕೆ ಸರಿದರೆ ಪಾಪವೂ ಸರಿಯುತ್ತಿತ್ತು. ಈಗಿನ ಕ್ಯಾಮೆರಾ ಹಾಗಲ್ಲ. ಮುನಿಸಿಕೊಂಡ ನೆಂಟರ ಹಾಗೆ, ಒಂದು ಸಲ ಮನಸ್ಸಿಗೆ ಹಚ್ಚಿಕೊಂಡದ್ದನ್ನು ಬಿಡುವುದಿಲ್ಲ.

ಅಳಿಯ ಅದನ್ನು ಬಚ್ಚಲಲ್ಲಿ ಕೂತು ಶುಚಿ ಮಾಡುತ್ತಿದ್ದ. ಮೊದಲು ಬಿಸಿನೀರು ಬಿಟ್ಟು ಬಾಗಿಲು ಹಾಕುವುದು. ಗಾಳಿಯಲ್ಲಿದ್ದ ಧೂಳೆಲ್ಲ ಹಬೆಗೆ ನೆನೆದು ನೆಲ ಹಿಡಿದ ಮೇಲೆ, ಹಬೆಯೂ ಆರಿದ ಮೇಲೆ, ಕ್ಯಾಮೆರಾದೊಂದಿಗೆ ಒಳಗೆ ಹೋಗುವುದು. ಅದರ ಬಾಯಿ ನೆಲದ ಕಡೆ ಹಿಡಿದು ರಬ್ಬರ್ ಬುರುಡೆ ಅಮುಕಿ ಪುಸ್ ಪುಸ್ ಎಂದು ಗಾಳಿ ಹಾಕುವುದು. ಅದಕ್ಕೂ ಜಗ್ಗದಿದ್ದರೆ ಮಾತ್ರ ದ್ರವ ಹಚ್ಚಿದ ಪಟ್ಟಿಯಿಂದ ಒಂದೇ ಒಂದು ಎಳೆತ. ಎಳೆದ ಪಟ್ಟಿ ಕಸದ ಬುಟ್ಟಿಗೆ. ಬಾಮೈದ ಅವನಿಗೆ ಬಚ್ಚಲ ಡಾಕ್ಟರು ಎಂದು ಹೆಸರಿಟ್ಟಿದ್ದ.

“ಭಾವ, ಪೇಷಂಟ್ ಹೇಗಿದೆ?”

“ಬದುಕಿದೆ. ಲೆನ್ಸ್ ಬದಲಾಯಿಸೋವಾಗ ಬಾಯಿ ಮೇಲೆ ಮಾಡಬೇಡ ಅಂತ ಇನ್ನೆಷ್ಟು ಸಲ ಹೇಳಲಿ?”

“ಗಿರಾಕಿ ಹಲ್ಲು ಬಿಟ್ಕೊಂಡು ನಿಂತಿರೋವಾಗ ನಾನು ಕ್ಯಾಮೆರಾ ತಲೆಕೆಳಗೆ ಹಿಡ್ಕೊಂಡು ನಿಲ್ಲಲಾ? ನೀವೊಂದು!”

ಅಳಿಯ ಇದನ್ನೆಲ್ಲ ನಕ್ಕು ನುಂಗುತ್ತಿದ್ದುದಕ್ಕೆ ಕಾರಣವಿತ್ತು. ಮಾವ ಮಾತು ಕೊಟ್ಟಿದ್ದರು: “ಈ ಸಿಮೆಂಟು ಕಾರ್ಖಾನೆ ಫೋಟೋ ಕೆಲಸ ಮುಗೀಲಿ. ಮುಂದಿನ ಕೆಲಸಕ್ಕೆ ಕ್ಯಾಮೆರಾ ನೀನೇ ಹಿಡಿಯಪ್ಪ.” ಮದುವೆಯಾದಾಗಿನಿಂದ ಅವನು ಕಾದದ್ದು ಆ ಒಂದು ಮಾತಿಗೆ. ಅದಕ್ಕೇ ಕಾರ್ಖಾನೆಗೆ ಹೋಗುವ ಕ್ಯಾಮೆರಾವನ್ನು ಹಸುಗೂಸಿನ ಹಾಗೆ ಒರೆಸಿ ಕಳಿಸಿದ. ಕಳಿಸುವ ಮುಂಚೆ ಬಿಳಿ ಗೋಡೆಯ ಫೋಟೋ ತೆಗೆದು ನೋಡಿದ. ಒಂದು ಚುಕ್ಕೆಯಿಲ್ಲದೆ ಹಾಲು ಚೆಲ್ಲಿದ ಹಾಗಿತ್ತು.

ಬಾಮೈದ, ಅವನ ಅಕ್ಕ ಇಬ್ಬರೂ ಹೋಗಿ ಸಂಜೆ ಬಂದರು. ಅಳಿಯ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿದ. ಊಟಕ್ಕೆ ಮುಂಚಿನವು ಚೊಕ್ಕ. ಊಟದ ಮೇಲಿನವುಗಳಲ್ಲಿ ಎಲ್ಲದರಲ್ಲೂ ಒಂದು ಓರೆ ಗೀರು, ಸುತ್ತ ಮಸುಕು. ಸಾಲುಗಟ್ಟಿ ನಿಂತ ಕಾರ್ಮಿಕರ ನಡುವೆ ದೊಡ್ಡ ಸಾಹೇಬರ ಹಣೆಯಿಂದ ಕಿವಿಯವರೆಗೆ ಬೆಕ್ಕು ಪರಚಿದಂತಿತ್ತು.

ಬಚ್ಚಲಲ್ಲಿ ಟಾರ್ಚು ಬಿಟ್ಟು ನೋಡಿದ. ಸೆನ್ಸರ್ ಮೇಲೆ ನಸುಗೆಂಪು ಹುಡಿ, ಅಲ್ಲಲ್ಲಿ ಮಿಣುಕು. ಆ ಮಿಣುಕನ್ನು ಅವನು ದಿನವೂ ತನ್ನ ದಿಂಬಿನ ಮೇಲೆ ಕಾಣುತ್ತಿದ್ದ. ಹುಡಿ ತೆಗೆದ. ಗೀರು ಉಳಿಯಿತು.

“ಇದಕ್ಕೆ ನಿನ್ನ ಪೌಡರ್ ಬ್ರಷ್ ಹಾಕಿದ್ರಾ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಮಂಚದ ತುದಿಯಲ್ಲಿ ಕೂತಳು. “ಊಟ ಆದ್ಮೇಲೆ ಒಂದು ಚುಕ್ಕೆ ಕಾಣಿಸ್ತು. ಅವನು ಉಫ್ ಅಂತ ಬಾಯಲ್ಲೇ ಊದಿದ, ಎಂಜಲು ಸಿಡೀತು. ಪಾಪ, ಗಾಬರಿಯಾಗಿಬಿಟ್ಟ. ನನ್ನ ಬ್ರಷ್ ಮೆತ್ತಗಿದೆಯಲ್ಲಾ ಅಂತ ಕೊಟ್ಟೆ. ಕೂಸಿನ ಕೆನ್ನೆಗೂ ಹಾಕಬಹುದು ರೀ, ಅಷ್ಟು ಮೆತ್ತಗಿದೆ.”

“ಮೆತ್ತಗಿದೆ, ನಿಜ. ಬೆಳಗಿಂದ ಸಿಮೆಂಟು ಮೆತ್ತಿದ ಮುಖಗಳ ಮೇಲೆ ಆಡಿದೆ, ಅದೂ ನಿಜ.”

“ಅಪ್ಪನಿಗೆ ನಾನೇ ಹೇಳ್ತೀನಿ ಬಿಡಿ,” ಎಂದಳು.

ಕಾರ್ಖಾನೆಯವರು ಫೋಟೋಗಳನ್ನು ಬೇಡವೆಂದರು. ಮಾವ ಊಟದ ಮೇಜಿನ ಮುಂದೆಯೇ ಶುರುಮಾಡಿದರು.

“ಅಳಿಯಂದಿರು ಬಚ್ಚಲಲ್ಲಿ ಕೂತು ಸೀದ ಪಾತ್ರೆ ತಳ ತಿಕ್ಕಿದ ಹಾಗೆ ತಿಕ್ಕಿದಾರೆ!”

“ಹಿಂದಿನ ದಿನ ತುಂಬ ಹೊತ್ತು ಒಳಗೇ ಇದ್ರಪ್ಪ,” ಎಂದ ಬಾಮೈದ, ತಟ್ಟೆಯಿಂದ ತಲೆ ಎತ್ತದೆ.

“ಬೆಳಗಿನ ಫೋಟೋಗಳಲ್ಲಿ ಗೀರಿಲ್ಲ ಮಾವ. ಮಧ್ಯಾಹ್ನದಿಂದ ಇದೆ.”

“ಅಂದ್ರೆ? ನನ್ನ ಮಗ ಗೀರಿದ ಅಂತಲಾ?” ಮಾವ ಮಗಳ ಕಡೆ ತಿರುಗಿದರು. “ನೀನು ಅಲ್ಲೇ ಇದ್ದೆಯಲ್ಲಮ್ಮ, ಹೇಳು.”

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ನೀರಿನ ಲೋಟ ಎತ್ತಿಕೊಂಡಳು.

“ನಾನು ಅವರಿಗೆಲ್ಲ ಪೌಡರ್ ಹಾಕ್ತಿದ್ದೆ ಅಪ್ಪ. ಕ್ಯಾಮೆರಾ ಕಡೆ ನೋಡಲಿಲ್ಲ.”

ಅರ್ಧ ನಿಜ ಬೆರೆಸಿದ ಸುಳ್ಳು ಎಂಥ ಗಂಟಲಲ್ಲೂ ಸಲೀಸಾಗಿ ಇಳಿಯುತ್ತದೆ. ಮಾವ ಕೈ ತೊಳೆಯಲು ಎದ್ದರು. “ಒರೆಸೋಕೆ ಬರದವನ ಕೈಗೆ ಕ್ಯಾಮೆರಾನೇ ಕೊಡ್ತೀನಿ ಅಂದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು. ಇನ್ನು ಆ ಮಾತು ಬೇಡ.”

ಕೋಣೆಯಲ್ಲಿ ಅಳಿಯ ಒಂದೇ ಪದ ಕೇಳಿದ. “ಯಾಕೆ?”

“ಅಪ್ಪ ಬೈದ್ರೆ ಅವನು ಮನೆ ಬಿಟ್ಟು ಹೋಗ್ತಾನೆ,” ಎಂದಳು ಅವಳು. “ನೀವು ಹೋಗಲ್ಲ.”

ಅವಳು ಹೇಳಿದ್ದು ನಿಜವಾಗಿತ್ತು.

ರಿಪೇರಿಗೆ ಹೋದ ಕ್ಯಾಮೆರಾ ಹೊಸ ಗಾಜು ಹಾಕಿಸಿಕೊಂಡು ಬಂತು. ಮುಂದಿನ ಕೆಲಸಕ್ಕೆ ಬಾಮೈದನೇ ಹೊರಟು, ಏನೂ ಆಗಿಲ್ಲವೆಂಬ ಹಾಗೆ ಅದನ್ನು ಅಳಿಯನ ಮುಂದಿಟ್ಟ. “ಭಾವ, ಸ್ವಲ್ಪ ಬಚ್ಚಲು ತೋರಿಸ್ಕೊಂಡು ಬನ್ನಿ.”

“ಒರೆಸೋಕೆ ಬರದವನು ನಾನು. ಮುಟ್ಟಲ್ಲ,” ಎಂದು ಅಳಿಯ ರಬ್ಬರ್ ಬುರುಡೆಯನ್ನು ಅದರ ಪಕ್ಕದಲ್ಲಿಟ್ಟ. ಅದೊಂದು ಹಟ ಅವನ ಕೈಲಿತ್ತು, ಹಿಡಿದ. ಬಾಮೈದ ಬುರುಡೆಯನ್ನು ಮುಟ್ಟಲೂ ಇಲ್ಲ, ಚೀಲ ಹೆಗಲಿಗೇರಿಸಿ ಹೋದ.

ಆದರೆ ಕೂಸಿನ ಮೇಲಿನ ಕೋಪ ತೊಟ್ಟಿಲ ಮೇಲೆ ತೀರಿಸಿಕೊಂಡರೆ ಅಳುವ ಕೂಸನ್ನು ಸಮಾಧಾನ ಮಾಡುವವರು ಯಾರು? ಸಂಜೆ ಬಂದ ಫೋಟೋಗಳಲ್ಲಿ ಆಕಾಶಕ್ಕೆಲ್ಲ ಸಿಡುಬೆದ್ದಿತ್ತು. ಕಂಪ್ಯೂಟರಿನ ಮುಂದೆ ಕೂತು ಆ ಚುಕ್ಕೆಗಳನ್ನು ಅಳಿಸುವ ಕೆಲಸವೂ ಮಿಕ್ಕಿದ್ದರ ಲೆಕ್ಕಕ್ಕೇ ಸೇರುತ್ತಿತ್ತು. ಅಳಿಯ ಕೂತ.

ಹೆಂಡತಿ ಬಂದು ಹಿಂದೆ ನಿಂತಳು. ಅವಳ ಕೈಯಲ್ಲಿ ಪೌಡರ್ ಬ್ರಷ್ ಇತ್ತು. “ಇದನ್ನ ತೊಳೆದಿಟ್ಟವರು ನೀವಾ?”

“ಹೂಂ. ಅದರಲ್ಲಿ ಸಿಮೆಂಟು ಇತ್ತು. ಯಾರದಾದ್ರೂ ಮುಖ ಗೀರೀತು ಅಂತ.”

ಅವಳು ಏನೋ ಹೇಳಲು ಬಾಯಿ ತೆರೆದಳು. ಹೊರಗಿನಿಂದ ತಮ್ಮ “ಅಕ್ಕಾ” ಎಂದು ಕೂಗಿದ, ಹೋದಳು. ಅಳಿಯ ಪರದೆಯ ಮೇಲಿದ್ದ ಫೋಟೋ ಮುಗಿಸಿ ಮುಂದಿನದನ್ನು ತೆರೆದ. ಅದೇ ಜಾಗದಲ್ಲಿ ಅದೇ ಚುಕ್ಕೆಗಳು.