ಡಬ್ಬಿಯಲ್ಲಿ ಸಿಕ್ಕ ಟೊಮೆಟೊ ಸಿಪ್ಪೆ

ಆಸ್ಪತ್ರೆಯ ಹಿಂಬದಿಯ ಆ ಪುಟ್ಟ ಲ್ಯಾಬಿನಲ್ಲಿ ಅವಳು ಕೆಲಸಕ್ಕಿದ್ದ ಕಾಲವೇ ಬೇರೆ. ಪರೀಕ್ಷೆಗೆಂದು ಜನ ಮಲವನ್ನು ಬೆಂಕಿಪೊಟ್ಟಣದಲ್ಲಿ ತರುತ್ತಿದ್ದರು, ಪೌಡರ್ ಡಬ್ಬಿಯಲ್ಲಿ ತರುತ್ತಿದ್ದರು. ಒಬ್ಬ ಪುಣ್ಯಾತ್ಮನಂತೂ ಊಟದ ಡಬ್ಬಿಯಲ್ಲೇ ತಂದು, ಡಬ್ಬಿ ವಾಪಸ್ ಬೇಕೆಂದು ಪಟ್ಟು ಹಿಡಿದು ಕೂತಿದ್ದ. ನಿವೃತ್ತಳಾದ ಮೇಲೆ ಅದೆಲ್ಲ ನೆನಪಾದರೆ ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅಮ್ಮನ ಡಬ್ಬಿ ನೆನಪಾದಾಗ ಮಾತ್ರ ನಗುವಿನ ಬೆನ್ನಿಗೇ ಕಣ್ಣು ತುಂಬುತ್ತದೆ.

ಆ ಸಲ ಅಮ್ಮನಿಗೆ ಹಿಡಿದ ಭೇದಿ ಬಿಡಲೇ ಇಲ್ಲ. ರಕ್ತ, ಆಮ, ಹೊಟ್ಟೆ ನುಲಿತ. ಗಂಜಿ, ಮಜ್ಜಿಗೆ ಬಿಟ್ಟರೆ ಬೇರೇನೂ ಒಳಗೆ ಹೋಗದೆ ಅಮ್ಮ ಕಡ್ಡಿಯಾಗಿದ್ದಳು.

"ಮಲದಲ್ಲಿ ಅಮೀಬಾ ಸಿಕ್ಕಿದ್ರೆ ಮಾತ್ರೆಯಲ್ಲೇ ವಾಸಿ ಮಾಡಬಹುದು. ಏನೂ ಸಿಗದಿದ್ರೆ ಕರುಳಲ್ಲಿ ಗಡ್ಡೆ ಇದೆಯಾ ಅಂತ ನೋಡಬೇಕಾಗುತ್ತಮ್ಮ" ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಅಪ್ಪ ಡಬ್ಬಿ ತಂದು ಲ್ಯಾಬಿನ ಮೇಜಿನ ಮೇಲಿಟ್ಟು, ಮಗಳ ಮುಖ ನೋಡದೆ ಹೊರಟೇಹೋದರು.

ಗಾಜಿನ ಮೇಲೆ ಒಂದಿಷ್ಟು ಹಚ್ಚಿ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಮೀಬಾ ಇಲ್ಲ, ರಕ್ತಕಣ ಇಲ್ಲ, ಕೀವಿನ ಸುಳಿವೂ ಇಲ್ಲ. ಇನ್ನೊಂದು ಗಾಜಿಗೆ ಹಚ್ಚಿ ನೋಡಿದರೂ ಅಷ್ಟೇ. ಹಾಗಾದರೆ ಗಡ್ಡೆಯೇ.

ಜೀವ ತಡೆಯದೆ ಉಳಿದದ್ದನ್ನು ಕಡ್ಡಿಯಲ್ಲಿ ಕೆದಕಿದಾಗ ಕೆಂಪಗೆ ಏನೋ ಕಂಡಿತು. ರಕ್ತವೆಂದುಕೊಂಡು ಎತ್ತಿದರೆ ಟೊಮೆಟೊ ಸಿಪ್ಪೆ! ಅಮ್ಮ ಟೊಮೆಟೊ ಮುಟ್ಟಿ ಯಾವ ಕಾಲವಾಗಿತ್ತೋ. ಹಿಂದಿನ ದಿನ ತಟ್ಟೆ ತುಂಬ ಟೊಮೆಟೊ ಹೆಚ್ಚಿಕೊಂಡು ಚಪ್ಪರಿಸಿದವರು ಅಪ್ಪ. ಅವಳು ಡಬ್ಬಿ ಮುಚ್ಚಿ ನೆಟ್ಟಗೆ ಮನೆಗೆ ನಡೆದಳು.

"ಅಮ್ಮಾ, ನಿಜ ಹೇಳು, ಅದು ಯಾರದು?"

ಅಪ್ಪ ಪೇಪರಿನ ಹಿಂದೆ ಅಡಗಿದರು.

"ನಿಮ್ಮಪ್ಪಂದು" ಎಂದಳು ಅಮ್ಮ, ಗೋಡೆ ನೋಡುತ್ತ. "ನೀರು ಬೆರೆಸಿ ತೆಳ್ಳಗೆ ಮಾಡಿದ್ದೆ. ಗೊತ್ತಾಗಲ್ಲ ಅಂದ್ಕೊಂಡೆ."

"ಅಪ್ಪಂದನ್ನ ನಾನು ನೋಡಿದ್ರೆ ಪರವಾಗಿಲ್ವಾ?"

"ಅವರಿಗೇನು, ನಾಚಿಕೆ ಬಿಟ್ಟು ಯಾವ ಕಾಲ ಆಯ್ತೋ."

ಪೇಪರಿನ ಹಿಂದೆ ಕೆಮ್ಮು ಕೇಳಿಸಿತು. ಅವಳಿಗೆ ನಗುವೂ ಬಂತು, ಮೈ ಉರಿಯುವಷ್ಟು ಸಿಟ್ಟೂ ಬಂತು. ಮಾನ ಮರ್ಯಾದೆ ಎಂಬುದು ಎಲ್ಲೆಲ್ಲಿ ಬಂದು ಅಡ್ಡ ಕೂರುತ್ತದೆ ನೋಡಿ.

"ಈ ಡಬ್ಬಿ ನಂಬಿದ್ರೆ ಗಡ್ಡೆ ಅಂತ ನಿನ್ನ ಹೊಟ್ಟೆ ಕೊಯ್ತಿದ್ರಮ್ಮಾ. ಯಾಕೆ ಹೀಗೆ ಮಾಡ್ದೆ?"

ಅಮ್ಮನ ದನಿ ಇಳಿಯಿತು. "ನೀನು ಅನ್ನ ತಿನ್ನೋ ಕೈಯಲ್ವೇನೇ ಅದು? ಆಮೇಲೆ ನನ್ನ ಮುಖ ನೋಡಿದಾಗೆಲ್ಲ ನಿನಗೆ ಅದೇ ನೆನಪಾದ್ರೆ ನಾನೇನು ಮಾಡ್ಲಿ?"

ಅವಳು ಅಮ್ಮನಿಗೆ ಚಪ್ಪಲಿ ಮೆಟ್ಟಿಸಿ, ಕೈ ಹಿಡಿದು ಲ್ಯಾಬಿಗೇ ಕರೆತಂದಳು. ಮಲವನ್ನು ಬಿಸಿಯಾಗಿದ್ದಾಗಲೇ ನೋಡಬೇಕು, ತಣ್ಣಗಾದರೆ ಅಮೀಬಾ ಮುದುಡಿಕೊಂಡು ಗುರುತೇ ಸಿಗುವುದಿಲ್ಲ. ಲ್ಯಾಬಿನ ಕಕ್ಕಸಿನ ಬಾಗಿಲು ಒಂದಿಷ್ಟೇ ತೆರೆಯಿತು. ಬಳೆ ಸಡಿಲಾದ ಕೈಯೊಂದು ಡಬ್ಬಿಯನ್ನು ಹೊರಗೆ ಚಾಚಿತು.

ಅವಳು ನೋಡಿದಳು. ರಕ್ತಕಣಗಳನ್ನು ನುಂಗಿದ ಅಮೀಬಾ, ಮೈ ಚಾಚಿ ಚಾಚಿ ನಿಧಾನವಾಗಿ ಹರಿಯುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಮಾತ್ರೆಗೆ ಬಗ್ಗುವ ಕಾಯಿಲೆ. ಅವಳಿಗೆ ಅಳು ಒತ್ತರಿಸಿ ಬಂತು.

ಕೈ ತೊಳೆದು ಬಂದಾಗ ಅಮ್ಮ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದಳು. ಕಾಯಿಲೆ ಏನೆಂದು ಕೇಳಲಿಲ್ಲ. "ಅಸಹ್ಯ ಆಯ್ತೇನೇ?" ಎಂದು ಕೇಳಿದಳು.

"ಇಲ್ಲಮ್ಮ. ಈ ಜನ್ಮದಲ್ಲಿ ಅಷ್ಟು ಚೆಂದದ್ದು ಇನ್ನೇನೂ ನೋಡಿಲ್ಲ."

"ಹುಚ್ಚಿ" ಎಂದಳು ಅಮ್ಮ.

ಅಮ್ಮ ಆಮೇಲೆ ಬಹಳ ವರ್ಷ ಗಟ್ಟಿಯಾಗಿಯೇ ಇದ್ದಳು. ಕೊನೆಗೆ ಹಾಸಿಗೆ ಹಿಡಿದಾಗ ಅವಳನ್ನು ಒರೆಸಿ ತೊಳೆದದ್ದೆಲ್ಲ ಈ ಮಗಳೇ. ಅಮ್ಮ ಒಂದು ಸಲವೂ ಮುಖ ಆ ಕಡೆ ತಿರುಗಿಸಲಿಲ್ಲ.