ಖಾಲಿ ಚಿಪ್ಪಿನ ಹಗೆ

ನಾನು ಒಂದು ವೈರಾಣುವಿನ ಚಿಪ್ಪು. ಸಾಸಿವೆ ಕಾಳಿನೊಳಗೆ ನನ್ನಂಥವರು ಕೋಟಿಗಟ್ಟಲೆ ಕೂತರೂ ಜಾಗ ಮಿಗುತ್ತದೆ. ಧಾರವಾಡದ ಒಂದು ಪ್ರಯೋಗಾಲಯದ ಹಿಂದಿರುವ ಗಾಜಿನ ಮನೆಯಲ್ಲಿ, ಅಲಸಂದಿ ಎಲೆಯೊಂದರ ಒಳಗೆ ಹುಟ್ಟಿದೆ. ಹುಟ್ಟುವಾಗ ನನ್ನ ಹೊಟ್ಟೆಯಲ್ಲಿ ಒಂದು ದಾರವಿತ್ತು. ಎಲೆಯನ್ನು ಹೇಗೆ ದೋಚಬೇಕು, ನನ್ನಂಥವರನ್ನು ಇನ್ನಷ್ಟು ಹೇಗೆ ಹುಟ್ಟಿಸಬೇಕು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ನಾನು ಕಳ್ಳನೇ. ಆದರೆ ಆ ಕಸುಬು ನನ್ನದಾಗಿತ್ತು.

ಅದನ್ನು ಕಿತ್ತುಕೊಂಡವಳು ಕುಮುದಾ ಬಳಿಗಾರ, ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು. ಹಳದಿ ಚುಕ್ಕೆ ಬಿದ್ದ ಎಲೆಗಳನ್ನು ಮಿಕ್ಸರಿಗೆ ಹಾಕಿ, ಚಟ್ನಿ ಅರೆಯುವಷ್ಟೇ ನಿರಾಳವಾಗಿ ನಮ್ಮನ್ನು ಅರೆದಳು.

"ನಮ್ಮವ್ವನ ಹಿತ್ತಲದಾಗ ಒಂದ್ ಕಾಯಿ ಬಿಡಗೊಡಲಿಲ್ಲ ನೀವು," ಎಂದಳು, ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದು. "ಈಗ ನನ್ನ ಕೈಯಾಗ ಸಿಕ್ಕೀರಿ. ದುಡೀರಿ."

ಸೋಸಿದಳು, ಗರಗರ ತಿರುಗಿಸಿದಳು, ನನ್ನನ್ನು ಬಿಚ್ಚಿ ದಾರವನ್ನು ಎಳೆದು ಚೆಲ್ಲಿದಳು. ಮತ್ತೆ ಜೋಡಿಸಿದಾಗ ನಾನು ಬರೀ ಟೊಳ್ಳು. ಅಂದೇ ಅವಳ ಮೇಲೆ ಹಗೆ ಹುಟ್ಟಿತು. ಕಾಯುವುದೊಂದೇ ನನ್ನ ಕೈಲಿತ್ತು, ಕಾದೆ.

ನನ್ನದೊಂದು ಗುಣ ಹೇಳಬೇಕು. ಹುಳಿ ನೀರಿನಲ್ಲಿ ನಾನು ಬಿಗಿಯಾಗಿ ಮುಚ್ಚಿಕೊಂಡಿರುತ್ತೇನೆ. ನೀರಿನ ಹುಳಿ ಸತ್ತರೆ ಉಬ್ಬಿ, ಮೈಯೆಲ್ಲ ಕಿಂಡಿಯಾಗಿ ತೆರೆದುಕೊಳ್ಳುತ್ತೇನೆ. ಕುಮುದಾ ಆ ಕಿಂಡಿಗಳಿಂದಲೇ ಕ್ಯಾನ್ಸರಿನ ಕೆಂಪು ಔಷಧಿ ತುಂಬಿ, ಹುಳಿ ಹಾಕಿ ಮುಚ್ಚುತ್ತಿದ್ದಳು. ಔಷಧಿ ದಾರಿಯಲ್ಲಿ ಎಲ್ಲೂ ಸೋರದೆ ನೇರ ಗಡ್ಡೆಗೇ ಹೋಗಿ ಇಳಿಯಬೇಕು, ಇಲ್ಲದಿದ್ದರೆ ಅದು ಒಳ್ಳೆಯ ಮಾಂಸವನ್ನೂ ಸುಡುತ್ತದೆ. ನಾನು ಅದರ ಡಬ್ಬಿ.

ಕೆಲಸ ಕೈಗೂಡುವ ಹೊತ್ತಿಗೆ ಅವಳ ಗುರು ಇಟಗಿ ಸರ್ ತಮ್ಮ ತಂಗಿಯ ಮಗನನ್ನು ಕರೆತಂದರು. ಹೆಸರು ಮುರುಗೇಶ. ಸರ್ ಮಗಳನ್ನು ಅವನಿಗೇ ಕೊಡುವುದೆಂದು ನಿಶ್ಚಯವಾಗಿತ್ತು.

"ಕುಮುದಾ, ಪ್ರಬಂಧದಾಗ ಇವನ ಹೆಸರು ಮೊದಲ ಇರಲಿ," ಎಂದರು ಸರ್. "ಕೊನೀಗೆ ಧನ್ಯವಾದ ಹೇಳೋ ಮುಂದ ನಿನ್ನ ನೆನಸ್ತೀವಿ."

"ಗಾಜಿನ ಮನಿ ತೊಳದವ್ರಿಗೂ ಅಲ್ಲೇ ಧನ್ಯವಾದ ಹೇಳ್ತೀರಲ್ರಿ ಸರ್."

"ಹೌದು. ಅವರೂ ನಮ್ಮವ್ರ ಅಲ್ಲೇನು?"

ಅವಳು ನಕ್ಕಳು. ಆ ನಗು ನನಗೆ ಅರ್ಥವಾಯಿತು. ನನ್ನ ಒಳಗಿನ ಬರಹ ತೆಗೆದು ಚೆಲ್ಲಿದವಳಿಗೆ, ತನ್ನ ಹೆಸರು ಚೆಲ್ಲಿದಾಗ ಉರಿ ಹತ್ತಿತ್ತು.

ಪ್ರಯೋಗವನ್ನು ಕಣ್ಣಾರೆ ನೋಡಲು ಹೊರಗಿನ ಪರೀಕ್ಷಕರು ಬರುವ ದಿನ ಬಂತು. ಎಲ್ಲರೂ ಹಾರ, ತುರಾಯಿ, ಶಾಲು ಹೊಂದಿಸಲು ಮುಂದಿನ ಕೋಣೆಗೆ ಹೋಗಿದ್ದರು. ಕುಮುದಾ ನಮ್ಮ ಬಾಟಲಿಗೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟಳು. ಹುಳಿ ಸತ್ತಿತು. ನಾವೆಲ್ಲ ಬಾಯಿ ತೆರೆದೆವು. ಕೆಂಪು ಹೊರಗೆ ಹರಿಯಿತು. ಬಾಟಲಿ ನೋಡಲು ಮೊದಲಿನ ಹಾಗೇ ಕೆಂಪು. ಮೋಸ ಯಾರಿಗೂ ಕಾಣದು. ಚಿಪ್ಪುಗಳು ದಾಟಲಾಗದ ಜರಡಿಯ ಕೊಳವೆಗೆ ಹಾಕಿ ತಿರುಗಿಸಿದಾಗ ಮಾತ್ರ ಕೆಂಪೆಲ್ಲ ಜರಡಿ ದಾಟಿ ಕೆಳಗಿಳಿದು ಮಾವ ಅಳಿಯರ ಮಾನ ಹರಾಜಾಗುತ್ತಿತ್ತು.

ಅದೇ ಕೈ ನನ್ನನ್ನು ಎರಡನೆಯ ಬಾರಿ ಬರಿದು ಮಾಡಿತ್ತು. ಅವಳ ಸೇಡು ಅವಳಿಗಿರಲಿ, ನನ್ನದೇನು?

ಆಗ ಮುರುಗೇಶ ಒಳಗೆ ಬಂದ, ಕೊರಳಿಗೆ ಅತ್ತರು ಬಳಿದುಕೊಂಡು. ಬಾಟಲಿ ಎತ್ತಿ ಹಿಡಿದ.

"ಅರ್ಧಾ ಬಾಟ್ಲಿ ಮಂದಿ ಮುಂದ ಹೆಂಗ ಇಡೂದು? ನೋಡಿದವ್ರು ಭಿಕಾರಿಗಳು ಅನ್ನಂಗಿಲ್ಲೇನು?"

ಪಕ್ಕದಲ್ಲಿ ಯಾವ ಸೀಸೆಯಿತ್ತೋ ಅದನ್ನೇ ಬಗ್ಗಿಸಿ ಕಂಠದವರೆಗೆ ತುಂಬಿದ. ಅದು ಹುಳಿ ನೀರು.

ಹುಳಿ ತಾಗಿದ್ದೇ ಮೈ ಬಿಗಿಯಿತು. ಸುತ್ತ ತೇಲುತ್ತಿದ್ದ ಕೆಂಪನ್ನು ಕಚ್ಚಿ ಹಿಡಿದು ಮುಚ್ಚಿಕೊಂಡೆ. ಅವಳ ಮೇಲಿನ ಹಗೆ ಎಷ್ಟಿತ್ತೋ ಅಷ್ಟೂ ಬಲ ಹಾಕಿದೆ. ನಮ್ಮಲ್ಲಿ ಒಂದಷ್ಟು ಮಂದಿಯನ್ನು ಸುರಿದ ಕೊಳವೆ ತಿರುಗಿತು. ಕೆಂಪು ಜರಡಿಯ ಮೇಲೇ ನಿಂತಿತು. ಮೊದಲು ಎಂದೂ ನಿಂತಿರದಷ್ಟು ಗಾಢವಾಗಿ ನಿಂತಿತು. ಪರೀಕ್ಷಕರು ಮುರುಗೇಶನ ಬೆನ್ನು ತಟ್ಟಿದರು. ಬಾಗಿಲ ಬಳಿ ಶಾಲುಗಳ ತಟ್ಟೆ ಹಿಡಿದು ನಿಂತ ಕುಮುದಾಳ ಮುಖ ನೋಡಿ ನಾನು ತಣಿದೆ. ನನ್ನ ಬದುಕಿನ ಒಂದೇ ಹಬ್ಬ ಅದು.

ಹಬ್ಬ ಹೆಚ್ಚು ದಿನ ಉಳಿಯಲಿಲ್ಲ. ಅದೇ ಪ್ರಯೋಗ ಮತ್ತೊಮ್ಮೆ ಮಾಡಿ ತೋರಿಸಿ ಎಂದು ಪರೀಕ್ಷಕರು ಬರೆದರು. ಏನು ಮಾಡಿದ್ದೆನೆಂದು ಮುರುಗೇಶನಿಗೆ ಗೊತ್ತಿದ್ದರೆ ತಾನೆ? ಅವನು ಮಾಡಿದ ಬಾಟಲಿಯೆಲ್ಲ ಸೋರಿತು. ಕುಮುದಾ ಮಾತ್ರ ಕಂಠದವರೆಗೆ ತುಂಬಿದ್ದ ನಮ್ಮ ಬಾಟಲಿಯನ್ನು ನೋಡಿ, ಒಂದು ಹನಿ ತೆಗೆದು ಹುಳಿ ಅಳೆದು, ನಡೆದದ್ದನ್ನು ಊಹಿಸಿದಳು. ಮೊದಲು ಪೂರ್ತಿ ಸೋರಬೇಕು, ಆಮೇಲೆ ಒಮ್ಮೆಲೇ ಹುಳಿ ಬೀಳಬೇಕು: ಆಗಲೇ ಚಿಪ್ಪಿಗೆ ಔಷಧಿ ಒತ್ತಾಗಿ ಸೇರುತ್ತದೆ. ಬಾಯಿ ಮುಚ್ಚಿಕೊಂಡಳು. ನನಗಿಂತ ಬಿಗಿಯಾಗಿ.

ಕೊನೆಗೆ ಇಟಗಿ ಸರ್ ತಾವೇ ಅವಳ ಮೇಜಿಗೆ ಬಂದರು.

"ಏನವಾ, ನಿಂಗ ಗೊತ್ತಿದ್ರ ಹೇಳಬಾರದೇನು?"

"ಧನ್ಯವಾದದಾಗ ಇರೋರಿಗೆ ಅಷ್ಟೆಲ್ಲಾ ಎಲ್ಲಿ ಗೊತ್ತಾಗಬೇಕ್ರಿ?"

"ಆತು. ನಿನ್ನ ಹೆಸರು ಮೊದಲ. ಅವನದು ತಗದಬಿಡ್ತೀನಿ."

"ಬ್ಯಾಡ್ರಿ ಸರ್, ತಗೀಬ್ಯಾಡ್ರಿ. ಧನ್ಯವಾದದಾಗ ಇರಲಿ. ಮದುವಿ ಮನ್ಯಾಗ ಎಲ್ಲಾರಿಗೂ ತೋರಿಸಲಿ."

ಸರ್ ಅವಳ ಮೇಜಿನ ಅಂಚನ್ನು ಸ್ವಲ್ಪ ಹೊತ್ತು ಉಗುರಿನಿಂದ ಕೆರೆದು, ಹೂಂ ಎಂದರು.

ಪ್ರಬಂಧ ಅಚ್ಚಾಯಿತು. ಅವಳಿಗೆ ಪ್ರತ್ಯೇಕ ಕೋಣೆ ಬಂತು. ಅವಳನ್ನು ಬೀಳಿಸಲೆಂದು ಮುಚ್ಚಿಕೊಂಡ ನನ್ನಿಂದಲೇ ಅವಳು ಗೆದ್ದಳು. ಹೊಸ ಬಾಟಲಿಗಳು ಮುಂದೆ ಬಂದು, ನಮ್ಮನ್ನು ಶೀತಪೆಟ್ಟಿಗೆಯ ಹಿಂದಿನ ಮೂಲೆಗೆ ತಳ್ಳಿದವು. ಅಲ್ಲೇ ಮುದುಕನಾದೆ.

ಇವತ್ತು ಪೆಟ್ಟಿಗೆ ತೊಳೆಯುವ ಪಾಳಿ ಮುರುಗೇಶನದು.

"ಅಕ್ಕಾರ, ಇದು ಆವತ್ತಿನ ಬಾಟ್ಲಿ. ಇಲಿಗೆ ಚುಚ್ಚಿ ನೋಡೇ ಇಲ್ಲಲ್ರಿ?"

"ಪ್ರಬಂಧಕ್ಕ ಅದು ಬೇಕಾಗ್ಲಿಲ್ಲ. ಚೆಲ್ಲು," ಎಂದಳು ಕುಮುದಾ, ತಲೆ ಎತ್ತದೆ. ಆಮೇಲೆ ಎತ್ತಿದಳು. "ನಿಂದ್ರು. ಮೊದಲ ಚೀಟಿ ಕಿತ್ತು ಕೊಡು. ನನ್ನ ಹೆಸರೈತಿ ಅದರ ಮ್ಯಾಲೆ."

ಚೀಟಿ ಅವಳ ಕೈ ಸೇರಿತು. ನಾನು ಬ್ಲೀಚಿಂಗ್ ಪುಡಿಯ ಬಕೆಟ್ ಸೇರಿದೆ. ಇಲ್ಲಿ ಹುಳಿ ಇಲ್ಲ, ಮೈ ಬಿಡುತ್ತಿದೆ, ಹೇಳಲು ಸ್ವಲ್ಪವೇ ಹೊತ್ತಿದೆ. ಅವಳು ಸೇಡು ತೀರಿಸಿಕೊಂಡಳು. ನಾನೂ ಒಮ್ಮೆ ತೀರಿಸಿಕೊಂಡೆ. ನಮ್ಮಿಬ್ಬರ ನಡುವೆ ಈ ಔಷಧಿ ಮಾತ್ರ ಯಾರ ಗಡ್ಡೆಯನ್ನೂ ಮುಟ್ಟಲಿಲ್ಲ. ಈಗ ಬಕೆಟ್ಟಿನ ನೀರು ಕೆಂಪಾಗುತ್ತಿದೆ, ಆ ಕೆಂಪನ್ನೂ ಬ್ಲೀಚಿಂಗ್ ತಿನ್ನುತ್ತಿದೆ.