ಅಟ್ಟಕ್ಕೆ ಏರಬಾರದ ಕಾಯಿ

ಬಿಳಿಗೆರೆಯ ಶಿವರುದ್ರಮ್ಮನ ಕಿವಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆ ಕಿವಿ ಇಲ್ಲದಿದ್ದರೆ ಈ ಕಥೆಯೂ ಇಲ್ಲ. ಸಿಪ್ಪೆ ಸಮೇತದ ತೆಂಗಿನಕಾಯಿಯನ್ನು ಕಿವಿಯ ಪಕ್ಕ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಒಳಗಿನ ಸಮಾಚಾರವೆಲ್ಲ ಆಯಮ್ಮನಿಗೆ ತಿಳಿಯುತ್ತಿತ್ತು. ನೀರು ಗುಳುಗುಳು ಅಂದರೆ ಗಟ್ಟಿ ಕಾಯಿ, ಅಟ್ಟಕ್ಕೆ ಏರಿಸಬಹುದು. ಹನ್ನೊಂದು ತಿಂಗಳು ಅಲ್ಲೇ ಮಲಗಿ, ನೀರೆಲ್ಲ ಇಂಗಿ, ಉಂಡೆ ಲೊಡಲೊಡ ಅಂದರೆ ಕೊಬ್ಬರಿ ಆಗಿದೆ, ಇಳಿಸಬಹುದು. ಇನ್ನು ಹೊಸ ಕಾಯಿ ಸದ್ದೇ ಮಾಡದಿದ್ದರೆ ಅದು ಒಡಕು ಕಾಯಿ. ಮರದಿಂದ ಬೀಳುವಾಗ ಕಲ್ಲಿಗೆ ತಾಗಿ ಚಿಪ್ಪು ಒಳಗೇ ಸೀಳಿ ನೀರು ಸೋರಿಹೋಗಿರುತ್ತದೆ, ಸಿಪ್ಪೆಯ ಮೇಲೆ ಒಂದು ಗೀರೂ ಕಾಣುವುದಿಲ್ಲ. ಅಂಥದ್ದನ್ನು ಅಟ್ಟಕ್ಕೆ ಹಾಕುವಂತಿಲ್ಲ. ಅವತ್ತೇ ಸುಲಿದು ಒಡೆದು ಸಾರಿಗೆ ಹಾಕಬೇಕು. ಕಾಯಿ ಏರಿಸುವ ದಿನ ಊರಿನ ಏಳೆಂಟು ಮನೆಯವರು ಅವಳನ್ನೇ ಕರೆಯುತ್ತಿದ್ದರು.

ಇಂಥ ಕಿವಿಯ ಹೆಂಗಸು ಹೆತ್ತ ಮಗಳ ಮಾತನ್ನು ಕೇಳಿಸಿಕೊಳ್ಳಲಿಲ್ಲ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ನನಗಂತೂ ಈಗಲೂ ಬರುತ್ತದೆ.

ಮಗಳು ಲಿಖಿತಾ ಸೇನೆಯ ಪೊಲೀಸ್ ವಿಭಾಗಕ್ಕೆ ಸೇರಿ ಎರಡು ವರ್ಷವಾಗಿತ್ತು. ಉತ್ತರದ ಕಡೆ ಎಲ್ಲೋ ದಂಡಿನ ಊರಿನಲ್ಲಿ ಕೆಲಸ. ಅವಳು ಫೋನ್ ಮಾಡಿದ್ದು ಒಂದು ಮಧ್ಯಾಹ್ನ, ಎರಡು ಗಂಟೆಯ ಹೊತ್ತಿಗೆ. ಶಿವರುದ್ರಮ್ಮ ತನ್ನದೇ ಅಟ್ಟದ ಮೇಲೆ ಕೂತಿದ್ದಳು, ಕೈಯಲ್ಲೊಂದು ಕಾಯಿ, ಕಿವಿಗೆ ಫೋನು.

"ಅಮ್ಮ, ನಮ್ ಸುಬೇದಾರ ಸ್ಟೋರ್ ರೂಮಿಗೆ ಕರೆದು ಬಾಗ್ಲು ಹಾಕ್ಕೊಂಡ. ಮೈಮೇಲೆ ಕೈ ಹಾಕ್ದ. ತಳ್ಳಿ ಓಡಿಬಂದೆ. ಈಗ ನಾನೇನ್ ಮಾಡ್ಲಿ, ಹೇಳಮ್ಮ."

ಊರು ಏನನ್ನುತ್ತದೋ, ಹುಡುಗಿಯ ಕೆಲಸ ಹೋಗುತ್ತದೋ, ಗಂಡನಿಲ್ಲದ ಮನೆ, ನಾಳೆ ಇವಳನ್ನು ಯಾರು ಕಟ್ಟಿಕೊಳ್ಳುತ್ತಾರೋ, ಎಲ್ಲ ಒಟ್ಟಿಗೆ ಶಿವರುದ್ರಮ್ಮನ ಮೈಮೇಲೆ ಬಿತ್ತು. ಬಾಯಿಗೆ ಬಂದದ್ದು ಅಟ್ಟದ ಮಾತು.

"ಸುಮ್ನಿರು ಕಣೇ. ಯಾರ್ ಮುಂದೂ ಬಾಯಿ ಬುಡಬ್ಯಾಡ. ಈಗ ಹಸಿ ಐತೆ. ಒಂದು ವರ್ಸ ಕಳೀಲಿ, ತಾನೇ ಒಣಗೋಯ್ತದೆ."

ಆಚೆ ಕಡೆಯಿಂದ ಸದ್ದೇ ಬರಲಿಲ್ಲ. ಫೋನ್ ಇಟ್ಟದ್ದು ಯಾರು ಅನ್ನುವುದೂ ಅವಳಿಗೆ ನೆನಪಿಲ್ಲ. ಕೈಯಲ್ಲಿದ್ದ ಕಾಯನ್ನು ಅಲ್ಲಾಡಿಸದೆ ಸಾಲಿನಲ್ಲಿಟ್ಟು ಕೆಳಗಿಳಿದಳು.

ಎಂಬತ್ತೈದು ದಿನ ಕಳೆದ ಮೇಲೆ ಲಿಖಿತಾ ರಜೆಗೆ ಬಂದಳು. ಬಂದವಳು ಉಂಡಳು, ಮಾತಾಡಿದಳು, ಹಟ್ಟಿಯಲ್ಲಿ ಸಗಣಿ ಬಾಚಿದಳು. ನೋಡಿದವರು ಏನೂ ಆಗಿಲ್ಲ ಅನ್ನಬೇಕು. ಆದರೆ ಮನೆಯ ಬಾಗಿಲುಗಳನ್ನೆಲ್ಲ ಪೂರ್ತಿ ತೆರೆದು, ಮುಚ್ಚದ ಹಾಗೆ ಒಂದೊಂದಕ್ಕೂ ಒಂದೊಂದು ತೆಂಗಿನಕಾಯಿ ಒತ್ತಿಟ್ಟಿದ್ದಳು. ಬೀದಿ ಬಾಗಿಲಿಗೆ, ಅಡುಗೆಮನೆಗೆ, ತಾನು ಮಲಗುವ ಕೋಣೆಗೆ. ಬಚ್ಚಲಿಗೆ ಹೋದರೆ ಅಮ್ಮ ಹೊರಗೆ ನಿಂತಿರಬೇಕು. ಮೊದಲ ದಿನ ಶಿವರುದ್ರಮ್ಮ ಎರಡು ಸಲ ಎಡವಿದಳು, "ಇದ್ಯಾವ ಹುಚ್ಚೇ ನಿಂದು" ಅಂತ ಕಾಯಿ ತೆಗೆದಳು. ತಿರುಗಿ ನೋಡುವಷ್ಟರಲ್ಲಿ ಕಾಯಿ ಮತ್ತೆ ಅಲ್ಲೇ ಇತ್ತು.

ಮೂರನೆಯ ದಿನ ಲಿಖಿತಾ ರೊಟ್ಟಿ ಮುರಿಯುತ್ತಾ ತಲೆ ಎತ್ತದೆ ಹೇಳಿದಳು.

"ನಾನು ದೂರು ಕೊಟ್ಟಿದೀನಿ. ಮೂರು ತಿಂಗಳೊಳಗೆ ಕೊಡ್ಬೇಕಂತೆ, ನಿನ್ನ ಒಂದು ವರ್ಸಕ್ಕೆ ಕಾಯೋ ಹಂಗಿರ್ಲಿಲ್ಲ. ನೊಣವಿನಕೆರೆ ಮಂಗಳಾ ಮೇಡಂ ಫೋನಲ್ಲೇ ಜೊತೆಗಿದ್ದು ಬರೆಸಿದ್ರು."

ಮಂಗಳಾ ಸೇನೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವರು. ತಮ್ಮ ಕಾಲದಲ್ಲಿ ಇಂಥದ್ದನ್ನು ಹೇಳಿಕೊಳ್ಳಲು ಗೋಡೆ ಬಿಟ್ಟರೆ ಗತಿಯಿರಲಿಲ್ಲ ಅಂತ, ಸುತ್ತಲಿನ ಊರುಗಳಿಂದ ಸೇನೆಗೆ ಸೇರಿದ ಹುಡುಗಿಯರಿಗೆಲ್ಲ ತಮ್ಮ ನಂಬರು ಕೊಟ್ಟಿದ್ದರು. ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತುವ ಹೆಂಗಸು. ವಿಚಾರಣೆಯಲ್ಲಿ ಪಕ್ಕದಲ್ಲಿ ಕೂರಲು ದೂರು ವಿಚಾರಿಸುವ ಸಮಿತಿಯಿಂದ ಒಪ್ಪಿಗೆಯನ್ನೂ ಪಡೆದಿದ್ದರು.

"ನಾಳೆ ಅವರ ಮನೆಯಿಂದ್ಲೇ ವಿಡಿಯೋದಲ್ಲಿ ವಿಚಾರಣೆ," ಅಂದಳು ಲಿಖಿತಾ. "ಆ ಹೊತ್ತಲ್ಲಿ ಅವನು ಮೈದಾನದಲ್ಲಿದ್ದ ಅಂತ ಮೂರ್ ಜನ ಹೇಳವ್ರೆ. ನನ್ ಕಡೆ ಹೇಳೋಕೆ ಇರೋದು ನೀನೊಬ್ಳೇ. ಅವತ್ತು ನಾನು ನಿಂಗೆ ಹೇಳಿದ್ನಲ್ಲ."

"ನಾನೇನ್ ನೋಡಿದ್ನಾ?"

"ಕೇಳ್ದೆಯಲ್ಲಮ್ಮ!"

"ಅಂಥಾ ದೊಡ್ಡೋರ ಮುಂದೆ ನಾನೇನಂತ ಹೇಳ್ಲೇ? ನಂಗಾಗಕಿಲ್ಲ ಬುಡು," ಅಂದು ಶಿವರುದ್ರಮ್ಮ ಎದ್ದು ಹೋದಳು. ಹೆದರಿಕೆ ದೊಡ್ಡವರದ್ದಲ್ಲ, ಅದು ಅವಳಿಗೂ ಗೊತ್ತು. ನೀನು ಮಗಳಿಗೆ ಏನು ಹೇಳಿದೆ ಅಂತ ಅವರು ಕೇಳಿದರೆ?

ಅವಳು ಹೋಗಿ ಕೂತದ್ದು ಅಟ್ಟದ ಮೇಲೆ. ಬಿದಿರಿನ ಸಂದುಗಳಿಂದ ಬಿಸಿಲು ಎಳೆ ಎಳೆಯಾಗಿ ಇಳಿದಿತ್ತು, ದೂಳು ಅದರಲ್ಲಿ ನಿಧಾನವಾಗಿ ತೇಲುತ್ತಿತ್ತು. ಸಾವಿರಾರು ಕಾಯಿಗಳು ಬೆಚ್ಚಗೆ ಮಲಗಿದ್ದವು. ಲಿಖಿತಾ ಐದಾರು ವರ್ಷದವಳಿದ್ದಾಗ ಇಲ್ಲೇ ಒಂದು ಗೋಣಿ ಹಾಸಿಕೊಂಡು ಮಧ್ಯಾಹ್ನವೆಲ್ಲ ನಿದ್ದೆ ಹೊಡೆಯುತ್ತಿದ್ದಳು. ಅದನ್ನು ನೆನೆಯುತ್ತ ಶಿವರುದ್ರಮ್ಮನಿಗೂ ಜೊಂಪು ಹತ್ತಿತು.

ಕನಸಿನಲ್ಲಿ ಅಟ್ಟಕ್ಕೆ ಕೊನೆಯೇ ಇರಲಿಲ್ಲ. ಕಾಯಿಗಳ ಸಾಲು ಹಂದನಕೆರೆಯ ಕಡೆಯ ಗುಡ್ಡ ದಾಟಿ ಹೋಗಿತ್ತು. ಅವಳು ನಡೆಯುತ್ತ ಒಂದೊಂದನ್ನೇ ಎತ್ತಿ ಅಲ್ಲಾಡಿಸಿದಳು. ಒಂದರೊಳಗೆ ಲಿಖಿತಾ ತೊಟ್ಟಿಲಲ್ಲಿ ನಕ್ಕ ನಗು. ಇನ್ನೊಂದರೊಳಗೆ ಇಸ್ಕೂಲಿಗೆ ಹೋಗಲ್ಲ ಅಂತ ಮಾಡಿದ ರಂಪ. ಮತ್ತೊಂದರೊಳಗೆ ಸೇನೆಗೆ ಆಯ್ಕೆಯಾದ ದಿನ "ಅಮ್ಮೋ, ಸೆಲೆಕ್ಟಾದೆ!" ಅಂತ ತೋಟದ ತುದಿಯಿಂದಲೇ ಕೂಗಿದ ಕೂಗು. ಶಿವರುದ್ರಮ್ಮನಿಗೆ ಖುಷಿಯೋ ಖುಷಿ. ಆಮೇಲೆ ಒಂದು ಕಾಯಿ ಸಿಕ್ಕಿತು, ಕೈಗೆ ತಣ್ಣಗಿತ್ತು. ಅಲ್ಲಾಡಿಸಿದಳು, ಸದ್ದಿಲ್ಲ. ಇನ್ನೊಂದು ಕಿವಿಗೆ ಹಿಡಿದಳು, ಇಲ್ಲ. ಜೋರಾಗಿ ಅಲ್ಲಾಡಿಸಿದಾಗ ಒಳಗಿನಿಂದ ಅವಳದೇ ದನಿ ಬಂತು: ಸುಮ್ನಿರು ಕಣೇ.

ಎಚ್ಚರವಾಯಿತು. ಮೂಗಿಗೆ ಕೌಟು ವಾಸನೆ ಬಡಿಯಿತು. ಇದು ಕನಸಿನದ್ದಲ್ಲ, ಅವಳ ಅಟ್ಟದಲ್ಲಿ ಇಷ್ಟು ವರ್ಷ ಬಂದೇ ಇರದ ವಾಸನೆ. ಮೊಣಕಾಲ ಮೇಲೆ ತೆವಳಿ ಹುಡುಕಿದಳು. ಮೂರು ತಿಂಗಳ ಕೆಳಗೆ ಏರಿಸಿದ ಸಾಲಿನ ತುದಿಯಲ್ಲಿತ್ತು. ಎತ್ತಿದರೆ ಸಿಪ್ಪೆಯೊಳಗಿನಿಂದ ಕಪ್ಪು ನೀರು ಮೊಣಕೈವರೆಗೂ ಇಳಿಯಿತು. ಅದರ ಪಕ್ಕದ ಎರಡು ಕಾಯಿಗಳಿಗೂ ಬೂಸಲು ಹಿಡಿದಿತ್ತು.

ಅವತ್ತು ಒಂದು ಕೈಯಲ್ಲಿ ಫೋನು ಹಿಡಿದಿದ್ದಾಗ ಇನ್ನೊಂದು ಕೈಯಲ್ಲಿದ್ದ ಕಾಯಿ ಅದು. ಮೂವತ್ತು ವರ್ಷದಲ್ಲಿ ಅಲ್ಲಾಡಿಸದೆ ಏರಿಸಿದ್ದು ಅದೊಂದೇ. ಅಯ್ಯೋ ಶಿವನೇ, ಒಡಕು ಕಾಯನ್ನು ಒಣಗಲಿ ಅಂತ ಅಟ್ಟಕ್ಕೆ ಹಾಕಿಬಿಟ್ಟೆನಲ್ಲ, ಅಂತ ಶಿವರುದ್ರಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅತ್ತದ್ದು ಕಾಯಿಗಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಮಾರನೆಯ ಬೆಳಿಗ್ಗೆ ಲಿಖಿತಾ ಒಬ್ಬಳೇ ಹೊರಟು ಬಸ್ಸಿಗೆ ನಿಂತಿದ್ದಾಗ ಶಿವರುದ್ರಮ್ಮ ಒಳ್ಳೆಯ ಸೀರೆ ಉಟ್ಟು ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಒಂದೇ ಬಸ್ಸು ಹತ್ತಿದರು.

ನೊಣವಿನಕೆರೆಯ ಮನೆಯಲ್ಲಿ ಮಂಗಳಾ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೂರು ಕುರ್ಚಿ ಹಾಕಿ, ಲಿಖಿತಾ ಕೇಳುವ ಮೊದಲೇ ಬಾಗಿಲು ತೆರೆದಿಟ್ಟರು. ಪರದೆಯ ಮೇಲೆ ಸಮಿತಿಯ ಮೂವರು ಹೆಂಗಸರು ಕಂಡರು. ಅವರಲ್ಲೊಬ್ಬರು ಧಾರವಾಡದ ಕಡೆಯವರು, ಸೇನೆಯ ದೊಡ್ಡ ಅಧಿಕಾರಿ.

"ಅವಸರ ಇಲ್ರಿ ತಾಯಿ, ಸಾವಕಾಶ ಹೇಳ್ರಿ," ಅಂದರು. "ಆ ದಿವಸ ಎರಡು ಗಂಟೆಗೆ ಮಗಳು ನಿಮಗ ಫೋನ್ ಮಾಡಿದ್ದು ದಾಖಲೆ ಒಳಗ ಐತಿ. ಏನು ಮಾತಾಡಿದ್ರಿ ಅನ್ನೋದು ನೀವ ಹೇಳಬೇಕು."

ಶಿವರುದ್ರಮ್ಮ ಹೇಳಿದಳು. ಸ್ಟೋರ್ ರೂಮು, ಬಾಗಿಲು, ಕೈ ಹಾಕಿದ್ದು, ತಳ್ಳಿ ಓಡಿದ್ದು, ಮಗಳು ಹೇಳಿದ ಹಾಗೆಯೇ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅದಕ್ಕ ನೀವೇನಂದ್ರಿ?"

ಮಂಗಳಾ ಲಿಖಿತಾಳ ಭುಜದ ಮೇಲೆ ಕೈಯಿಟ್ಟರು.

"ಸುಮ್ನಿರು ಅಂದೆ ಕಣ್ರವ್ವ. ಯಾರ್ ಮುಂದೂ ಬಾಯಿ ಬುಡಬ್ಯಾಡ ಅಂದೆ. ಒಂದು ವರ್ಸ ಕಳುದ್ರೆ ಒಣಗೋಯ್ತದೆ ಅಂದೆ. ಸಾಯೋ ಹಂಗೆ ಬೆದರಿದ್ದ ಮಗೀಗೆ ಹೆತ್ತೋಳು ಆಡಿದ ಮಾತದು."

ಅಧಿಕಾರಿ ಬರೆಯುತ್ತಿದ್ದ ಕೈ ನಿಲ್ಲಿಸಿದರು. "ಅಷ್ಟೂ ಬರೀಬೇಕಂತಿಲ್ರಿ. ಆಕಿ ನಿಮಗ ಹೇಳಿದ್ಲು ಅಂತ ಬರಕೊಂಡ್ರ ಸಾಕು."

"ಸಾಕಾಗಕಿಲ್ಲ, ಬರ್ಕೊಳಿ," ಅಂದಳು ಶಿವರುದ್ರಮ್ಮ. "ಸುಳ್ಳು ಹೇಳೋಳಾಗಿದ್ರೆ ನಂಗೆ ಒಳ್ಳೇ ಹೆಸರು ಬರೋ ಹಂಗೆ ಹೇಳ್ಕೊತಿದ್ನಲ್ವಾ? ಅವ್ಳು ಹೇಳಿದ್ದು ನಿಜ, ನಾನು ಬಾಯಿ ಮುಚ್ಚಿಸಿದ್ದೂ ನಿಜ. ಎರಡೂ ಬರ್ಕೊಳಿ. ತಪ್ಪಾಯ್ತು ಅಂತಲೂ ಬರ್ಕೊಳಿ, ನನ್ ಮಗಳು ಇಲ್ಲೇ ಕುಂತವ್ಳೆ, ಅವ್ಳೂ ಕೇಳಿಸ್ಕೊಳ್ಳಲಿ."

ಪರದೆಯ ಆಚೆ ಮೂವರೂ ಪರಸ್ಪರ ನೋಡಿಕೊಂಡರು. ಅಧಿಕಾರಿ ಪೂರ್ತಿ ಬರೆದುಕೊಂಡರು. ತೀರ್ಮಾನಕ್ಕೆ ಇನ್ನೂ ದಿನ ಬೇಕು, ಅಲ್ಲಿಯವರೆಗೆ ಲಿಖಿತಾ ಆ ಸುಬೇದಾರನ ಕೈಕೆಳಗೆ ಕೆಲಸ ಮಾಡಬೇಕಾಗಿಲ್ಲ, ಅವನನ್ನು ಬೇರೆ ಕಡೆ ಕಳಿಸಲು ಇವತ್ತೇ ಬರೆಯುತ್ತೇವೆ ಅಂದರು. ಲಿಖಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಬಂದ ದಿನದಿಂದ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಲಿಖಿತಾ ನೀರು ಕುಡಿದು ತನ್ನ ಕೋಣೆಯ ಹೊಸ್ತಿಲ ಹತ್ತಿರ ನಿಂತಳು. ಬಾಗಿಲಿಗೆ ಒತ್ತಿಟ್ಟಿದ್ದ ಕಾಯನ್ನು ಬಗ್ಗಿ ಎತ್ತಿ ಅಮ್ಮನ ಕೈಗೆ ಕೊಟ್ಟಳು.

"ನಿದ್ದೆ ಬತ್ತಾ ಐತಮ್ಮ. ಹೊರಗೇ ಇರ್ತೀಯಾ?"

"ಇಲ್ಲೇ ಇರ್ತೀನಿ ಮಗ."

ಬಾಗಿಲು ಮುಚ್ಚಿತು. ಒಳಗಿನಿಂದ ಲಿಖಿತಾ ತಾನೇ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ಶಿವರುದ್ರಮ್ಮ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತು, ಕಾಯನ್ನು ಮಡಿಲಲ್ಲಿಟ್ಟುಕೊಂಡು, ಬಾಗಿಲಿಗೆ ಕಿವಿಯಿಟ್ಟಳು.